ದಾಸೋಹ, ಜೋಳಿಗೆ, ಚಂದಾ: ಕೊಡುಗೆಯ ಕೂಟಗಳಿಗೆ ಸಂದ ಹೆಸರುಗಳು

ಮಠಗಳ ಉತ್ಸವಕ್ಕಾಗಿ ಅಚ್ಚಾಗುವ ಆಹ್ವಾನಪತ್ರಿಕೆಯನ್ನು ನಿಧಾನವಾಗಿ ಓದಿದರೆ ಕನ್ನಡ ನಾಡಿನ ಸಾವಿರ ವರ್ಷಗಳ ಸಮಾಜಜೀವನ ಅದರಲ್ಲಿ ಅಡಗಿರುವುದು ಕಂಡುಬರುತ್ತದೆ. ಬೆಳಿಗ್ಗೆ ಶಿವಾನುಭವ ಗೋಷ್ಠಿ, ಮಧ್ಯಾಹ್ನ ಗಣಾರಾಧನೆ ಹಾಗೂ ಮಹಾದಾಸೋಹ, ಸಂಜೆ ಶ್ರೀಗಳವರ ತುಲಾಭಾರ, ರಾತ್ರಿ ಕಟ್ಟಡ ನಿಧಿಯ ಸಹಾಯಾರ್ಥ ನಾಟಕ. ಕೊನೆಯಲ್ಲಿ, ಭಕ್ತಾದಿಗಳು ಯಥಾಶಕ್ತಿ ಕಾಣಿಕೆ ಸಲ್ಲಿಸಿ ಕೃತಾರ್ಥರಾಗಬೇಕೆಂಬ ವಿನಂತಿ. ಈ ಹೆಸರುಗಳು ಒಂದೇ ಕಾಲದವಲ್ಲ. ಕೆಲವು ಶಾಸನಗಳ ಕಾಲದಿಂದ ಬಂದವು, ಕೆಲವು ಶರಣರ ಬಾಯಲ್ಲಿ ಹೊಸ ಅರ್ಥ ಪಡೆದವು, ಕೆಲವು ಪಾರಸಿ ಮರಾಠಿಗಳಿಂದ ಬಂದು ನೆಲೆಸಿದವು, ಮತ್ತೆ ಕೆಲವು ನಾಟಕ ಕಂಪನಿಗಳ ದಿನಗಳಲ್ಲಿ ಹುಟ್ಟಿದವು. ಜನ ಒಂದೆಡೆ ಕೂಡುವುದು, ಕೂಡಿದವರು ಕೊಡುವುದು, ಕೊಟ್ಟದ್ದು ಮತ್ತೊಬ್ಬರ ಹಸಿವನ್ನೋ ಅಜ್ಞಾನವನ್ನೋ ನೀಗುವುದು ಎಲ್ಲ ಕಾಲಕ್ಕೂ ಸಮಾನವಾದ ಕ್ರಿಯೆ. ಆದರೆ ಕೊಡುವವನಾರು, ಅವನು ಯಾವುದರಿಂದ ಕೊಡುತ್ತಾನೆ, ಯಾರ ಹೆಸರಿನಲ್ಲಿ ಕೊಡುತ್ತಾನೆ ಎಂಬ ಮೂರು ಪ್ರಶ್ನೆಗಳಿಗೆ ಒಂದೊಂದು ಪದವೂ ಬೇರೆ ಬೇರೆ ಉತ್ತರ ನೀಡುತ್ತದೆ. ಆದುದರಿಂದ ಈ ಪದಗಳ ವಿಚಾರ ಕೇವಲ ನಿಘಂಟಿನ ವಿಚಾರವಲ್ಲ. ಆಚಾರದ ವಿಚಾರವೂ ಹೌದು.

ಶರಣರಿಗಿಂತ ಪೂರ್ವದ ಕನ್ನಡ ಶಾಸನಗಳಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಪ್ರಮುಖ ಪದಗಳು ದಾನ, ದತ್ತಿ, ಸತ್ರ, ಆಯ. ಅರಸನೋ ಸಾಮಂತನೋ ಭೂಮಿಯನ್ನು ಬಿಟ್ಟುಕೊಡುವುದು ದತ್ತಿ. ಅದರ ಉತ್ಪನ್ನದಿಂದ ದಾರಿಗರಿಗೂ ತಪಸ್ವಿಗಳಿಗೂ ಅನ್ನವಿಕ್ಕುವ ಸ್ಥಳ ಸತ್ರ. ವರ್ತಕ ಸಂಘಗಳು ತಾವು ಒಂದೆಡೆ ನೆರೆದು, ಹೇರು ಎಲೆಗೆ ಇಷ್ಟು, ಮೂಟೆ ಧಾನ್ಯಕ್ಕೆ ಇಷ್ಟು ಎಂದು ತಮ್ಮ ಮೇಲೆ ತಾವೇ ವಿಧಿಸಿಕೊಂಡು ದೇವಾಲಯಕ್ಕೆ ಸಲ್ಲಿಸುತ್ತಿದ್ದ ಆಯಗಳ ವಿವರ ಅಯ್ಯಾವೊಳೆಯ ಐನೂರ್ವರ ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಹಲವರು ಕೂಡಿ ಒಂದು ಸತ್ಕಾರ್ಯಕ್ಕೆ ಧನ ಸಂಗ್ರಹಿಸುವ ಪದ್ಧತಿ ಇಂಗ್ಲಿಷರಿಂದ ಕಲಿತದ್ದಲ್ಲವೆಂಬುದಕ್ಕೆ ಇವೇ ಸಾಕ್ಷಿ. ಬಳ್ಳಿಗಾವೆಯ ಕಾಳಾಮುಖ ಕೇಂದ್ರವಾಗಿದ್ದ ಕೋಡಿಯ ಮಠದ ಕ್ರಿ.ಶ. ೧೧೬೨ರ ಶಾಸನ ಈ ದೃಷ್ಟಿಯಿಂದ ಬಹು ಮುಖ್ಯವಾದುದು. ಅಲ್ಲಿ ವೇದಶಾಸ್ತ್ರ ವ್ಯಾಕರಣಗಳ ಪಾಠ ನಡೆಯುತ್ತಿತ್ತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ದೇಶಗಳ ಭಿಕ್ಷುಕರು ಎಲ್ಲರಿಗೂ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧವೂ ಭೀತರಿಗೆ ಅಭಯವೂ ಲಭಿಸುತ್ತಿದ್ದವು. ಇದು ಬಿಜ್ಜಳನ ಕಾಲದ ಶಾಸನ. ಎಂದರೆ ಬಸವಣ್ಣನವರ ಸಮಕಾಲೀನ ಸಂಸ್ಥೆಯ ಚಿತ್ರ. ಅನ್ನದಾನ ಶರಣರಿಂದಲೇ ಮೊದಲಾಯಿತೆಂದು ಹೇಳುವ ಉತ್ಸಾಹ ಇತಿಹಾಸಕ್ಕೆ ಒಪ್ಪುವಂತಹದಲ್ಲ. ಶರಣರು ನೀಡಿದ ಹೊಸತು ಅನ್ನದಲ್ಲಿರಲಿಲ್ಲ, ಆ ಕ್ರಿಯೆಗೆ ಅವರಿಟ್ಟ ಹೆಸರಿನಲ್ಲಿತ್ತು.

ಆ ಹೆಸರೇ ದಾಸೋಹ. ‘ನಾನು ದಾಸನು’ ಎಂಬರ್ಥದ ‘ದಾಸೋಹಂ’ ಎಂಬ ಸಂಸ್ಕೃತ ವಾಕ್ಯ ಕನ್ನಡದಲ್ಲಿ ಒಂದು ನಾಮಪದವಾಗಿ ನಿಂತಿತು. ದಾನವೆಂಬ ಪದ ಕೊಡುವ ಕ್ರಿಯೆಯನ್ನು ಹೇಳುತ್ತದೆ, ದತ್ತಿಯೆಂಬುದು ಕೊಟ್ಟ ವಸ್ತುವನ್ನು ಹೇಳುತ್ತದೆ, ಸತ್ರವೆಂಬುದು ಕೊಡುವ ಸ್ಥಳವನ್ನು ಹೇಳುತ್ತದೆ. ದಾಸೋಹವಾದರೋ ಕೊಡುವವನ ಮನಃಸ್ಥಿತಿಯನ್ನು ಹೇಳುತ್ತದೆ. ದಾನದಲ್ಲಿ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಕಿಂಕರ, ಸ್ವೀಕರಿಸುವ ಜಂಗಮವೇ ಒಡೆಯ. ‘ಅವನೇ ನಾನು’ ಎಂಬ ಸೋಹಂಭಾವ ಅಹಂಕಾರಕ್ಕೆ ದಾರಿಯಾದೀತೆಂಬ ಎಚ್ಚರದಿಂದ ಶರಣರು ದಾಸೋಹಂಭಾವವನ್ನು ಎತ್ತಿಹಿಡಿದರು. ನಾನು ಮಾಡುತ್ತಿದ್ದೇನೆಂಬ ಭಾವ ಮನಸ್ಸಿನಲ್ಲಿ ಸುಳಿದೊಡನೆಯೇ ಮಾಡಿದ ಮಾಟವೆಲ್ಲ ಕೆಡುತ್ತದೆಂಬ ಮಾತನ್ನು ಬಸವಣ್ಣನವರು ಅನೇಕ ವಚನಗಳಲ್ಲಿ ಬೇರೆ ಬೇರೆ ಬಗೆಯಾಗಿ ಹೇಳಿದ್ದಾರೆ. ಸಲ್ಲಿಸುವವರೆಗೆ ಅದು ಪದಾರ್ಥ. ಸಂದ ಮೇಲೆ ಅದು ಪ್ರಸಾದ. ಆ ಪ್ರಸಾದದ ಮೇಲೆ ಕೊಟ್ಟವನಿಗೆ ಯಾವ ವಿಶೇಷಾಧಿಕಾರವೂ ಉಳಿಯುವುದಿಲ್ಲ.

ದಾಸೋಹ ನಡೆದ ಮನೆಗೆ ಮಹಾಮನೆ ಎಂಬ ಹೆಸರು ಬಂದುದೂ ಅರ್ಥಪೂರ್ಣವಾಗಿದೆ. ಅದರ ಹಿರಿಮೆ ಕಟ್ಟಡದ್ದಲ್ಲ, ಅಲ್ಲಿ ಕೂಡಿದವರದು. ಆ ಮಹಾಮನೆಯ ಖರ್ಚಿನ ಬಗೆಗೆ ಅಂದೇ ಸಂಶಯ ಎದ್ದಿತ್ತೆಂಬುದನ್ನು ಪುರಾಣಗಳು ಮುಚ್ಚಿಡುವುದಿಲ್ಲ. ಬಿಜ್ಜಳನ ಭಂಡಾರದ ಹಣ ಜಂಗಮರ ಪಾಲಾಗುತ್ತಿದೆಯೆಂದು ಕೊಂಡೆಯರು ದೂರಿದರು. ಅರಸನು ಲೆಕ್ಕ ನೋಡಿಸಿದಾಗ ಭಂಡಾರದಲ್ಲಿ ಕೊರತೆ ಕಾಣಲಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ಅದನ್ನು ಅನುಸರಿಸಿ ೧೩೬೯ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಈ ಪ್ರಸಂಗ ಪವಾಡದ ರೂಪದಲ್ಲಿದೆ. ಪವಾಡದ ಹೊದಿಕೆಯನ್ನು ಸರಿಸಿ ನೋಡಿದರೆ ಒಂದು ತತ್ತ್ವ ಹೊಳೆಯುತ್ತದೆ. ನಾಲ್ವರ ಹಣ ಕೈಯಲ್ಲಿರುವವನು ಕೇಳಿದಾಗ ಲೆಕ್ಕ ತೋರಿಸಲು ಸಿದ್ಧನಿರಬೇಕು. ಅವನ ಭಕ್ತಿ ಲೆಕ್ಕಕ್ಕೆ ವಿನಾಯಿತಿಯಲ್ಲ.

ದಾಸೋಹದ ಧನ ಎಲ್ಲಿಂದ ಬರಬೇಕೆಂಬ ಎರಡನೆಯ ಪ್ರಶ್ನೆಗೆ ಶರಣರ ಉತ್ತರ ಕಾಯಕ. ಈ ವಿಷಯದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗಕ್ಕಿಂತ ಉತ್ತಮ ನಿದರ್ಶನವಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದ ಜಂಗಮದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಅಧಿಕ ಅಕ್ಕಿಯನ್ನು ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟೊಂದು ಆಸೆ ನಮಗೇಕೆ, ಇದನ್ನು ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕಟ್ಟಿದಳು. ಹೆಚ್ಚು ಅಕ್ಕಿಯಿಂದ ಹೆಚ್ಚು ಜನರಿಗೆ ಉಣ್ಣಿಸಬಹುದಿತ್ತಲ್ಲವೇ ಎಂಬ ಪ್ರಶ್ನೆ ಸಹಜ. ಲಕ್ಕಮ್ಮನ ಲೆಕ್ಕವೇ ಬೇರೆ. ಉಂಡವರ ಸಂಖ್ಯೆ ಅವಳಿಗೆ ಮುಖ್ಯವಲ್ಲ, ತಂದ ಬಗೆ ಮುಖ್ಯ. ನುಲಿಯ ಚಂದಯ್ಯನ ಪ್ರಸಂಗವೂ ಇದನ್ನೇ ಮತ್ತಷ್ಟು ಬಿಗಿಯಾಗಿ ಹೇಳುತ್ತದೆ. ಅವನು ಹುಲ್ಲನ್ನು ಕೊಯ್ದು ಹೊಸೆದ ಹಗ್ಗಕ್ಕೆ ಬಸವಣ್ಣನವರು ಬೆಲೆಗಿಂತ ಬಹುಪಾಲು ಅಧಿಕವಾದ ಹೊನ್ನನ್ನು ಕೊಟ್ಟಾಗ, ಹಗ್ಗದ ಬೆಲೆಯೆಷ್ಟೋ ಅಷ್ಟೇ ತನಗೆ ಸಲ್ಲತಕ್ಕದ್ದೆಂದು ಅವನು ಉಳಿದುದನ್ನು ನಿರಾಕರಿಸಿದನೆಂದು ಶರಣಪರಂಪರೆ ಹೇಳುತ್ತದೆ. ಕೊಟ್ಟವರು ಬಸವಣ್ಣನವರೇ ಆಗಿದ್ದರೂ, ಉದ್ದೇಶ ಜಂಗಮದಾಸೋಹವೇ ಆಗಿದ್ದರೂ, ಬೆಲೆ ಮೀರಿದ ಹೊನ್ನು ಕಾಯಕದ ಫಲವಾಗಲಾರದು. ಈ ಎರಡು ಪ್ರಸಂಗಗಳನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ಕಾಲದ ಪದಗಳನ್ನು ಪರಿಶೀಲಿಸಬೇಕು.

ಕೊಡುವುದರ ಜೊತೆಗೆ ಕೂಡುವುದಕ್ಕೂ ಹೆಸರುಗಳು ಬೇಕಾದವು. ಗೋಷ್ಠಿ ಎಂಬುದು ಗೋಷ್ಠದಿಂದ ಬಂದುದು. ಗೋಷ್ಠವೆಂದರೆ ಹಸುಗಳು ತಂಗುವ ದೊಡ್ಡಿ. ದನಗಳು ಸಂಜೆ ಒಂದೆಡೆ ಸೇರುವ ತಾಣದ ಹೆಸರು ಪಂಡಿತರ ಕೂಟಕ್ಕೆ ಸಂದು, ಬಳಿಕ ಶಿವಗೋಷ್ಠಿ ಅನುಭಾವಗೋಷ್ಠಿಗಳಾಗಿ ಪವಿತ್ರವಾಯಿತು. ಶಿವಗಣಂಗಳು ಕೂಡಿ ಉಣ್ಣುವ ಸಂಭ್ರಮಕ್ಕೆ ಗಣಪರ್ವವೆಂದು ಹೆಸರಾಯಿತು. ಪರ್ವದ ತದ್ಭವವೇ ಹಬ್ಬ; ಆದುದರಿಂದ ಗಣಪರ್ವವೆಂದರೆ ಶರಣರ ಹಬ್ಬ. ಇಂದು ಶಿವಗಣಾರಾಧನೆ ಎಂಬ ಪದವನ್ನು ಓದಿದೊಡನೆ ಅನೇಕರಿಗೆ ಲಿಂಗೈಕ್ಯರಾದವರ ಸ್ಮರಣೆಯ ದಿನವೇ ನೆನಪಾಗುತ್ತದೆ. ಶಿವಗಣಂಗಳನ್ನು ಆರಾಧಿಸುವುದು ಎಂಬ ವ್ಯಾಪಕವಾದ ಅರ್ಥ ಹಲವೆಡೆ ಒಂದೇ ಸಂದರ್ಭಕ್ಕೆ ಸೀಮಿತವಾದುದು ಪದಗಳ ಬಾಳಿನಲ್ಲಿ ನಡೆಯುವ ಸಂಕೋಚಕ್ಕೆ ಉದಾಹರಣೆ.

ಯಾತ್ರೆ ಜಾತ್ರೆಯಾಯಿತು, ಪರಿಷತ್ತು ಪರಿಷೆಯಾಯಿತು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ರೈತರು ಕಡಲೆಕಾಯಿ ತಂದು ಸುರಿಯುವ ಕೂಟವೂ ಪರಿಷೆ. ೧೯೧೫ರಲ್ಲಿ ಕನ್ನಡದ ವಿದ್ವಾಂಸರು ಕಟ್ಟಿದ ಸಂಸ್ಥೆಯೂ ಪರಿಷತ್ತು. ಮೂಲದಲ್ಲಿ ಎರಡೂ ಒಂದೇ ಪದ. ವಿದ್ವತ್ಸಭೆಗೂ ಒಕ್ಕಲಿಗರ ಸಂತೆಗೂ ಒಂದೇ ಹೆಸರು ಸಲ್ಲುವುದು ಕನ್ನಡದ ಔದಾರ್ಯ. ಮಹಾಮನೆಯಲ್ಲಿಯೂ ಇದೇ ಔದಾರ್ಯವಿತ್ತು: ಮಂತ್ರಿ, ಅಂಬಿಗ, ಮಡಿವಾಳ, ಅಕ್ಕಿ ಆಯುವವನು ಒಂದೇ ಗೋಷ್ಠಿಯಲ್ಲಿ ಕುಳಿತರೆಂಬ ಚಿತ್ರವನ್ನು ಶೂನ್ಯಸಂಪಾದನೆಗಳು ನೀಡುತ್ತವೆ. ಅಲ್ಲಿ ಅನುಭಾವದ ಮಾತಿಗೂ ಅನ್ನದ ಪಂಕ್ತಿಗೂ ಬೇರೆ ಬೇರೆ ಬಾಗಿಲುಗಳಿರಲಿಲ್ಲ.

ಗ್ರಾಮಜೀವನದಲ್ಲಿ ಇನ್ನೊಂದು ಪದಸಮೂಹ ಬೆಳೆಯಿತು. ಮದುವೆಯ ಮನೆಗೆ ಬಂದವರು ನೀಡುವ ಮುಯ್ಯಿ ದಾನವಲ್ಲ, ಸಾಲವೂ ಅಲ್ಲ. ಮುಂದೊಂದು ದಿನ ಅವರ ಮನೆಯ ಶುಭಕಾರ್ಯಕ್ಕೆ ಹಿಂದಿರುಗಿಸತಕ್ಕ ಕೊಡುಗೆ. ಹೊಲದ ಕೆಲಸಕ್ಕೆ ಪರಸ್ಪರ ಆಳಾಗಿ ಹೋಗುವ ಮುಯ್ಯಾಳು ಪದ್ಧತಿಯಲ್ಲಿಯೂ ಇದೇ ನ್ಯಾಯವಿದೆ. ವಂತು ಎಂದರೆ ಪಾಲು, ಸರದಿ; ಊರಿನ ಕಾರ್ಯಕ್ಕೆ ಮನೆಮನೆಯಿಂದ ಸಲ್ಲಬೇಕಾದ ಪಾಲು ವಂತಿಗೆ. ಉತ್ತರ ಕರ್ನಾಟಕದಲ್ಲಿ ಇದನ್ನೇ ಪಟ್ಟಿ ಎನ್ನುವರು, ಮರಾಠಿಯ ಸಂಪರ್ಕದಿಂದ ವರ್ಗಣಿ ಎಂದೂ ಕರೆಯುವರು. ದೇಣಿಗೆಯೂ ಮರಾಠಿಯ ದೇಣಗಿಯೇ. ಚಂದಾ ಪಾರಸಿಯಿಂದ ಬಂದುದು. ಕಾಣಿಕೆ ಮಾತ್ರ ಅಚ್ಚ ಕನ್ನಡ. ದೇವರನ್ನೋ ಗುರುವನ್ನೋ ಕಾಣುವಾಗ ಬರಿಗೈಯಲ್ಲಿ ಹೋಗಬಾರದೆಂದು ಒಯ್ಯುವ ವಸ್ತು. ಈ ಪದಗಳಲ್ಲಿ ವಂತಿಗೆ ಮತ್ತು ಪಟ್ಟಿಗಳ ಗುಣ ವಿಶಿಷ್ಟವಾದುದು. ಅಲ್ಲಿ ಕೊಡುವವನಿಗೆ ಹೊಗಳಿಕೆಯಿಲ್ಲ, ಏಕೆಂದರೆ ಎಲ್ಲರೂ ಕೊಡುತ್ತಾರೆ. ಆದರೆ ಆ ಪಟ್ಟಿ ಬಡವನ ಮನೆಯ ಮುಂದೆ ನಿಂತು ಒತ್ತಾಯವಾಗುವ ಅಪಾಯವೂ ಉಂಟು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೋಳಿಗೆ ಎಂಬ ಪದ ಮಹತ್ತಾದ ಸ್ಥಾನವನ್ನು ಪಡೆಯಿತು. ಜಂಗಮನು ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಭಿಕ್ಷಕ್ಕೆ ಹೋಗುವ ಚೀಲ ಅದು. ಅಂದಂದಿನ ಪ್ರಸಾದಕ್ಕೆ ಬೇಕಾದ ಹಿಟ್ಟು ಅಕ್ಕಿಗಳಷ್ಟೇ ಅದರ ಗುರಿ. ೧೯೦೪ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನ ನೆರವೇರುವಂತೆ ಮಾಡಿದ, ೧೯೦೯ರಲ್ಲಿ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳ ಕೈಯಲ್ಲಿ ಅದೇ ಜೋಳಿಗೆ ಪಾಠಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ಕಟ್ಟುವ ಸಾಧನವಾಯಿತು. ಒಂದು ಹೊಟ್ಟೆಯ ಹಸಿವಿಗಾಗಿ ಇದ್ದ ಚೀಲ ಒಂದು ಸಮಾಜದ ವಿದ್ಯೆಯ ಹಸಿವಿಗಾಗಿ ತೆರೆಯಿತು. ಧಾರವಾಡದ ಆ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದ ಸಿರಸಂಗಿಯ ಲಿಂಗರಾಜ ದೇಸಾಯರು (೧೮೬೧-೧೯೦೬) ತಮ್ಮ ಸಂಸ್ಥಾನದ ಸಂಪತ್ತನ್ನು ಮರಣಶಾಸನದ ಮೂಲಕ ವಿದ್ಯಾರ್ಥಿಗಳಿಗಾಗಿ ಬಿಟ್ಟರು. ಶಾಸನಕಾಲದ ದತ್ತಿ ಎಂಬ ಪದ ಹೊಸ ಕಾಲದಲ್ಲಿ ಪಡೆದ ಅತ್ಯುನ್ನತ ಅರ್ಥ ಅದು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಹುಟ್ಟುಹಾಕಿ ಸಪ್ತರ್ಷಿಗಳೆಂದು ಹೆಸರಾದವರು ತಮ್ಮ ಆಯುಷ್ಯವನ್ನೇ ಅದಕ್ಕೆ ಸಲ್ಲಿಸಿದರು. ದೇಸಾಯರದು ಧನದ ದಾಸೋಹವಾದರೆ ಇವರದು ತನುಮನಗಳ ದಾಸೋಹ.

ಚಂದಾ ಎಂಬ ಪದದ ಇನ್ನೊಂದು ಮುಖವನ್ನು ಇಲ್ಲಿಯೇ ನೋಡಬೇಕು. ಸತ್ಕಾರ್ಯಕ್ಕೆ ಕೊಡುವ ಹಣವೂ ಚಂದಾ, ಪತ್ರಿಕೆಗೆ ವರ್ಷಕ್ಕೊಮ್ಮೆ ಸಲ್ಲಿಸುವ ಹಣವೂ ಚಂದಾ. ವಚನ ವಾಙ್ಮಯದ ಪ್ರಕಟಣೆಗಾಗಿ ಬಾಳನ್ನೇ ತೇಯ್ದ ಫ.ಗು. ಹಳಕಟ್ಟಿಯವರ (೧೮೮೦-೧೯೬೪) ವಚನಶಾಸ್ತ್ರಸಾರದ ಮೊದಲ ಭಾಗ ೧೯೨೩ರಲ್ಲಿ ಬೆಳಕು ಕಂಡಿತು. ೧೯೨೬ರಲ್ಲಿ ಅವರು ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಅವರು ತಮ್ಮ ಮನೆಯನ್ನು ಮಾರಿದ ಸಂಗತಿ ಸರ್ವವಿದಿತವಾಗಿದೆ. ಅಂತಹವರ ಪತ್ರಿಕೆಗೆ ಸಂದ ಚಂದಾ ಸರಕಿನ ಬೆಲೆಯಾಗಿರಲಿಲ್ಲ, ಒಂದು ಮಹಾಕಾರ್ಯದಲ್ಲಿ ಓದುಗನು ವಹಿಸಿದ ಪಾಲಾಗಿತ್ತು. ಪರಭಾಷೆಯ ಪದವಾದರೂ ಕೊಡುವವನ ಭಾವ ಶುದ್ಧವಿದ್ದರೆ ಅದೂ ದಾಸೋಹದ ಬಳಗಕ್ಕೆ ಸೇರಬಲ್ಲುದು.

ಇಲ್ಲಿಂದ ಮುಂದೆ ಕೊಡುಗೆಗಾಗಿಯೇ ಏರ್ಪಡುವ ಕೂಟಗಳ ಹೆಸರುಗಳು ಬರುತ್ತವೆ. ಇಂಗ್ಲೆಂಡಿನ ರಂಗಭೂಮಿಯಲ್ಲಿ ಒಂದು ರಾತ್ರಿಯ ಉತ್ಪನ್ನವನ್ನು ಒಬ್ಬ ನಟನಿಗೆ ಬಿಟ್ಟುಕೊಡುವ ಪದ್ಧತಿಗೆ ಬೆನಿಫಿಟ್ ಎಂಬ ಹೆಸರಿತ್ತು. ಕನ್ನಡದಲ್ಲಿ ಅದು ಸಹಾಯಾರ್ಥ ಪ್ರದರ್ಶನವಾಗಿ, ಶಾಲೆಯ ಕಟ್ಟಡಕ್ಕೋ ಅನಾಥಾಲಯಕ್ಕೋ ಟಿಕೀಟು ಮಾರಿ ಹಣ ಕೂಡಿಸುವ ನಾಟಕಗಳಿಗೆ ರೂಢವಾಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಇತಿಹಾಸ ಇಲ್ಲಿ ಸ್ಮರಣೀಯ. ಪಂಚಾಕ್ಷರಿ ಗವಾಯಿಗಳು (೧೮೯೨-೧೯೪೪), ಅವರ ತರುವಾಯ ಪುಟ್ಟರಾಜ ಗವಾಯಿಗಳು (೧೯೧೪-೨೦೧೦) ಅಂಧ ಅನಾಥ ಬಾಲಕರಿಗೆ ಅನ್ನವನ್ನೂ ಸಂಗೀತವನ್ನೂ ನೀಡಲು ಸಂಗೀತ ಹಾಗೂ ನಾಟಕಗಳನ್ನು ಆಶ್ರಯಿಸಿದರು. ಅಲ್ಲಿ ಹಾಡಿದವರೂ ನುಡಿಸಿದವರೂ ತಮ್ಮ ವಿದ್ಯೆಯಿಂದಲೇ ತಮ್ಮ ಆಶ್ರಮವನ್ನು ಪೋಷಿಸಿದರು. ಇದು ಬೇಡುವಿಕೆಯಲ್ಲ, ಕಾಯಕ. ಲಕ್ಕಮ್ಮನೂ ಇದಕ್ಕೆ ಆಕ್ಷೇಪಿಸುತ್ತಿರಲಿಲ್ಲ.

ತುಲಾಭಾರದ ಕಥೆಯೂ ಇದೇ ಆಶ್ರಮದ ಮೂಲಕ ಹೊಸ ತಿರುವನ್ನು ಪಡೆಯಿತು. ಪುರಾಣಗಳು ಹೇಳುವ ಹದಿನಾರು ಮಹಾದಾನಗಳಲ್ಲಿ ತುಲಾಪುರುಷದಾನ ಒಂದು. ಅರಸನು ಚಿನ್ನದಲ್ಲಿ ತನ್ನನ್ನು ತೂಗಿಸಿಕೊಂಡು ಅದನ್ನು ಹಂಚುವುದು ಅದರ ಕ್ರಮ. ಹಂಪೆಯಲ್ಲಿ ವಿಠ್ಠಲ ದೇವಾಲಯದ ಸಮೀಪ ಅರಸರ ತಕ್ಕಡಿಯೆಂದು ತೋರಿಸುವ ಕಲ್ಲಿನ ತೋರಣ ಇಂದಿಗೂ ನಿಂತಿದೆ. ಅಲ್ಲಿ ತೂಗಿಸಿಕೊಂಡವನೇ ದಾನಿ, ಕೀರ್ತಿಯೂ ಅವನದೇ. ಪುಟ್ಟರಾಜ ಗವಾಯಿಗಳ ತುಲಾಭಾರಗಳು ಊರೂರುಗಳಲ್ಲಿ ನೂರಾರು ಸಲ ನಡೆದವು. ತೂಗಿಸಿಕೊಂಡವರು ಏನನ್ನೂ ಇಟ್ಟುಕೊಳ್ಳಲಿಲ್ಲ. ನಾಣ್ಯವಾಗಲಿ ಧಾನ್ಯವಾಗಲಿ ಆಶ್ರಮದ ಮಕ್ಕಳಿಗೆ ಸಂದಿತು. ತಕ್ಕಡಿ ಅದೇ, ಹೆಸರೂ ಅದೇ. ತೂಗುವುದರ ಅರ್ಥ ಮಾತ್ರ ಬದಲಾಯಿತು.

ಹರಾಜಿನ ವಿಷಯ ಇಷ್ಟು ಸರಳವಲ್ಲ. ಉತ್ತರ ಕರ್ನಾಟಕದಲ್ಲಿ ಲಿಲಾವು ಎಂದು ಕರೆಯಲ್ಪಡುವ ಇದು ಜಾತ್ರೆಗಳಲ್ಲಿ ಪ್ರಚಲಿತವಾಗಿದೆ. ದೇವರಿಗೆ ಸಂದ ತೆಂಗಿನಕಾಯಿಯೋ ವಸ್ತ್ರವೋ ಸವಾಲಿನಲ್ಲಿ ಏರುತ್ತ ಹೋಗಿ ಬೆಲೆಯ ಎಷ್ಟೋ ಪಟ್ಟಿಗೆ ಹೋಗುತ್ತದೆ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗಳ ರಥೋತ್ಸವದಂದು ಮುಕ್ತಿಬಾವುಟದ ಹರಾಜು ನಡೆಯುವುದು ಪ್ರಸಿದ್ಧವಾಗಿದೆ. ತಿಪ್ಪೇರುದ್ರಸ್ವಾಮಿಗಳಾದರೋ ಕೆರೆ ಕಟ್ಟಿಸಿದವರು. ಕೆರೆಯ ಕೆಲಸಕ್ಕೆ ಬಂದವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ದೊರೆಯುವಂತೆ ಮಾಡಿದರೆಂದು ಐತಿಹ್ಯ ಹೇಳುತ್ತದೆ. ದುಡಿದಷ್ಟೇ ಪಡೆಯಬೇಕೆಂಬ ಆ ಕೂಲಿಯ ನ್ಯಾಯವನ್ನೂ, ಹಗ್ಗದ ಬೆಲೆಗಿಂತ ಹೆಚ್ಚು ಒಲ್ಲೆನೆಂದ ಚಂದಯ್ಯನ ನಿಲುವನ್ನೂ ಹರಾಜಿನ ಎದುರಿಗಿಟ್ಟಾಗ ವಿಚಾರವಂತನಾದ ಭಕ್ತನಿಗೆ ಪ್ರಶ್ನೆಯೊಂದು ಏಳದೆ ಇರದು. ಹರಾಜಿನಲ್ಲಿ ಏರುವುದು ವಸ್ತುವಿನ ಬೆಲೆಯೋ, ಕೂಗಿದವನ ಹೆಸರೋ? ಪಡೆದವನು ಅದನ್ನು ತನ್ನ ಕಾಯಕದ ಹಣದಿಂದ ಪಡೆದು ಮೌನವಾಗಿ ಮನೆಗೊಯ್ದರೆ ಅದೂ ದಾಸೋಹವೇ. ಪ್ರತಿಷ್ಠೆಯ ಪೈಪೋಟಿಯಿಂದ ಪಡೆದರೆ ಮಠಕ್ಕೆ ಹಣ ಬಂದೀತು, ಕೂಗಿದವನಿಗೆ ಪ್ರಸಾದ ದೊರೆಯಲಾರದು.

ಈ ಪ್ರಶ್ನೆ ಹರಾಜಿನಲ್ಲಿಯೇ ನಿಲ್ಲುವುದಿಲ್ಲ. ಇತ್ತೀಚಿನ ದಶಕಗಳಲ್ಲಿ ದಾನಿಗಳಿಗೆ ದಾಸೋಹಿಗಳು ಎಂಬ ಹೆಸರು ವ್ಯಾಪಕವಾಗಿದೆ. ಕೊಟ್ಟ ಮೊತ್ತಕ್ಕನುಗುಣವಾಗಿ ಮಹಾದಾಸೋಹಿ, ದಾಸೋಹಿ ಎಂಬ ತರತಮಗಳೊಡನೆ ಹೆಸರುಗಳು ಫಲಕಗಳಲ್ಲಿ ಕೆತ್ತಲ್ಪಡುತ್ತವೆ. ‘ನಾನು ದಾಸನು’ ಎಂಬ ಪದದ ಕೆಳಗೆ ‘ನಾನು’ ಎಂಬುದಷ್ಟೇ ದೊಡ್ಡಕ್ಷರಗಳಲ್ಲಿ ಉಳಿದು, ದಾಸನು ಮಾಯವಾಗುವ ಸಂದರ್ಭ ಇದು. ಹೆಸರು ಹಾಕದಿದ್ದರೆ ಹಣ ಬರುವುದಿಲ್ಲ, ಹಣ ಬರದಿದ್ದರೆ ಮಕ್ಕಳ ಪ್ರಸಾದ ನಡೆಯುವುದಿಲ್ಲವೆಂಬ ಸಮಾಧಾನವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಾವಿರಾರು ವಿದ್ಯಾರ್ಥಿಗಳ ಅನ್ನದ ಭಾರ ಹೊತ್ತವರ ಕಷ್ಟ ಹೊರಗಿನವರಿಗೆ ತಿಳಿಯದು. ಆದರೆ ದಾನಿಯನ್ನು ದಾನಿಯೆಂದೇ ಕರೆದು ಕೃತಜ್ಞತೆ ಸಲ್ಲಿಸಿದರೆ ಪದಕ್ಕೆ ಹಾನಿಯಿಲ್ಲ. ಕೊಡುಗೆಯ ಮೊತ್ತಕ್ಕೆ ದಾಸೋಹದ ಹೆಸರಿಟ್ಟಾಗ ಮಾತ್ರ, ಶರಣರು ದಾನವನ್ನು ಮೀರಲು ಬಳಸಿದ ಪದವೇ ಮರಳಿ ದಾನದ ಮಟ್ಟಕ್ಕೆ ಇಳಿಯುತ್ತದೆ.

ಪದದ ಮೂಲಾರ್ಥ ಬತ್ತಿಹೋಗಿಲ್ಲವೆಂಬುದಕ್ಕೂ ಸಾಕ್ಷಿಗಳುಂಟು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಜಾತಿಮತಗಳನ್ನೆಣಿಸದೆ ಅನ್ನ ವಿದ್ಯೆಗಳನ್ನಿತ್ತು ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಸ್ಮರಣೆಯ ದಿನವನ್ನು ರಾಜ್ಯ ಸರ್ಕಾರ ದಾಸೋಹ ದಿನವೆಂದು ಘೋಷಿಸಿತು. ಹನ್ನೆರಡನೆಯ ಶತಮಾನದ ಪದವೊಂದು ಸರ್ಕಾರದ ದಿನದರ್ಶಿಕೆಗೆ ಏರಿದುದು ಸಣ್ಣ ಸಂಗತಿಯಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳು ೧೯೭೫ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯಂತೂ ಸಂಗ್ರಹವೆಂಬ ಕಲ್ಪನೆಯನ್ನೇ ತಿರುಗಿಸಿತು. ಅವರು ಮನೆಮನೆಗೆ ಹೋಗಿ ಜೋಳಿಗೆಯೊಡ್ಡಿ ಬೇಡಿದ್ದು ಹಣವನ್ನಲ್ಲ, ಜನರ ದುಶ್ಚಟಗಳನ್ನು. ಕುಡಿತವನ್ನೋ ತಂಬಾಕನ್ನೋ ಆ ಜೋಳಿಗೆಗೆ ಹಾಕಿದವನು ಕೊಟ್ಟು ಬಡವನಾಗಲಿಲ್ಲ, ಕೊಟ್ಟು ಉಳಿದುಕೊಂಡನು.

ಇನ್ನೊಂದು ಸಾಕ್ಷಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಅಲ್ಲಿಯ ಮಹಾದಾಸೋಹಕ್ಕಾಗಿ ಸುತ್ತಣ ಹಳ್ಳಿಗಳ ತಾಯಂದಿರು ದಿನಗಟ್ಟಲೆ ಜೋಳದ ರೊಟ್ಟಿ ಬಡಿಯುತ್ತಾರೆ. ಊರವರು ಆ ರೊಟ್ಟಿಗಳನ್ನು ಬಂಡಿಗಳಲ್ಲಿಯೂ ವಾಹನಗಳಲ್ಲಿಯೂ ತುಂಬಿ, ಬಾಜಾಬಜಂತ್ರಿಯೊಡನೆ ಮಠಕ್ಕೆ ತಂದೊಪ್ಪಿಸುತ್ತಾರೆ. ಹಿಟ್ಟು ಅವರ ಹೊಲದ್ದು, ಬಡಿದ ಕೈ ಅವರದ್ದು, ಉಣ್ಣುವವರು ಯಾರೋ. ರೊಟ್ಟಿ ಒಟ್ಟಿದ ಮೇಲೆ ಯಾವ ಊರಿನದು, ಯಾವ ಮನೆಯದು ಎಂದು ಗುರುತಿಸುವಂತಿಲ್ಲ. ಕೊಡುವವರಾರು, ಯಾವುದರಿಂದ, ಯಾರ ಹೆಸರಿನಲ್ಲಿ ಎಂಬ ಮೂರು ಪ್ರಶ್ನೆಗಳಿಗೂ ಲಕ್ಕಮ್ಮ ಒಪ್ಪುವಂತಹ ಉತ್ತರ ಆ ರೊಟ್ಟಿಯ ರಾಶಿಯಲ್ಲಿದೆ. ಫಲಕಗಳನ್ನು ಕೆತ್ತಿಸುವ ಮುನ್ನ ಮಠಗಳೂ ಭಕ್ತರೂ ಒಮ್ಮೆ ಅದರ ಮುಂದೆ ನಿಂತು ನೋಡುವುದು ಉಚಿತ. ಅದರಲ್ಲಿ ಒಂದು ರೊಟ್ಟಿಯ ಮೇಲೂ ಹೆಸರಿರುವುದಿಲ್ಲ.